ಅಂಗಡಿ ಬೋರ್ಡಿಗೆ ಕಾನೂನು, ಆಫೀಸಿನ ಬಾಗಿಲಿಗೆ ಏನು?

ಅಂಗಡಿಯ ಬಂಧುಗಳಿಗೆ ನೆನಪಿದ್ದೇ ಇರುತ್ತದೆ. 2024ರಲ್ಲಿ ಸರ್ಕಾರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ತಂದಿತು. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಆ ಕನ್ನಡ ಮೇಲ್ಭಾಗದಲ್ಲಿ ಇರಬೇಕು ಎಂದಾಯಿತು. ಒಳ್ಳೆಯದೇ. ಕನ್ನಡ ನಾಡಿನಲ್ಲಿ ಬೋರ್ಡು ಕನ್ನಡದಲ್ಲಿರಲಿ ಎನ್ನುವುದಕ್ಕೆ ಈ ಪತ್ರಿಕೆಯ ತಕರಾರೇನೂ ಇಲ್ಲ. ಪೇಂಟರುಗಳಿಗೂ ಫ್ಲೆಕ್ಸಿನವರಿಗೂ ನಾಲ್ಕು ದಿನ ಕೆಲಸ ಸಿಕ್ಕಿತು. ವ್ಯಾಪಾರಸ್ಥರು ಗೊಣಗಿದರು, ಆದರೂ ಕೈಯಿಂದ ದುಡ್ಡು ಹಾಕಿ ಬರೆಸಿದರು.

ಈಗ ಅದೇ ವ್ಯಾಪಾರಸ್ಥ ಒಂದು ಕೆಲಸ ಮಾಡಲಿ. ಯಾವುದಾದರೂ ಸರ್ಕಾರಿ ಕಚೇರಿಗೆ ಹೋದಾಗ ಒಳಗಿನ ಬಾಗಿಲುಗಳ ಮೇಲೆ ಕಣ್ಣಾಡಿಸಲಿ. ಹೊರಗಡೆ ದೊಡ್ಡ ಬೋರ್ಡು ಅಚ್ಚುಕಟ್ಟಾಗಿ ಕನ್ನಡದಲ್ಲೇ ಇರುತ್ತದೆ. ಹೊಸ್ತಿಲು ದಾಟಿದ ಮೇಲೆ? ‘ಇನ್ವರ್ಡ್’, ‘ಡಿಸ್ಪ್ಯಾಚ್’, ‘ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್’, ‘ರೆಕಾರ್ಡ್ ರೂಂ’. ಅಕ್ಷರ ಕನ್ನಡ, ಮಾತು ಇಂಗ್ಲಿಷು. ಕಾನೂನಿಗೆ ಸಮಾಧಾನ, ಜನಕ್ಕೆ ತಲೆನೋವು. ಎಷ್ಟೋ ಕಡೆ ಅದೂ ಇಲ್ಲ. ಬರೀ ‘ಆ ಮೂಲೆ ಟೇಬಲ್ಲಿಗೆ ಹೋಗ್ರಿ’ ಎನ್ನುವ ಒಂದು ಬೆರಳು. ಕನ್ನಡವನ್ನು ರಾಜ್ಯದ ಆಡಳಿತ ಭಾಷೆ ಎಂದು ಕಾಯ್ದೆ ಮಾಡಿದ್ದು 1963ರಲ್ಲಿ. ಅರವತ್ತು ವರ್ಷ ಮೀರಿತು. ಕಾಗದದೊಳಗೆ ಕನ್ನಡ ಬಂದಿದೆ, ಸುಳ್ಳು ಹೇಳಬಾರದು. ಟಿಪ್ಪಣಿ, ಆದೇಶ, ನೋಟೀಸು ಎಲ್ಲಾ ಕನ್ನಡದಲ್ಲೇ ಬರುತ್ತವೆ. ಬಾಗಿಲಿನ ಮೇಲೆ ಮಾತ್ರ ಇನ್ನೂ ಬರಲಿಲ್ಲ.

‘ಅಯ್ಯೋ, ಒಂದು ಇಂಗ್ಲಿಷ್ ಪದಕ್ಕೆ ಇಷ್ಟು ರಂಪವೇ’ ಎಂದು ಕೆಲವರು ಕೇಳಬಹುದು. ಅಂಥವರಿಗಾಗಿ ನಾವು ಕಣ್ಣಾರೆ ಕಂಡದ್ದನ್ನು ಹೇಳುತ್ತೇವೆ. ಕಚೇರಿಯ ಹೆಸರು ಬೇಡ, ಯಾವ ಕಚೇರಿಯಲ್ಲಾದರೂ ನಡೆಯುವಂಥದ್ದೇ.

ಜಗಳೂರು ಕಡೆಯ ಒಬ್ಬ ಹೆಣ್ಣುಮಗಳು. ಗಂಡ ತೀರಿಕೊಂಡಿದ್ದ. ಪೌತಿ ಖಾತೆ ಆಗಬೇಕಿತ್ತು, ತಿಂಗಳುಗಟ್ಟಲೆ ಆಗಿರಲಿಲ್ಲ. ಯಾರೋ ಪುಣ್ಯಾತ್ಮರು ಅರ್ಜಿ ಬರೆದುಕೊಟ್ಟಿದ್ದರು. ಅದನ್ನು ಹಿಡಿದು ಒಳಗೆ ಹೋದಳು. ಗುಮಾಸ್ತರು ತಲೆ ಎತ್ತದೆ ಹೇಳಿದರು: “ಇನ್ವರ್ಡ್ ಮಾಡಿಸ್ಕೊಂಡು ಬಾರಮ್ಮ.” ಆಕೆ ಹೊರಗೆ ಬಂದು ಝೆರಾಕ್ಸ್ ಅಂಗಡಿಯ ಮುಂದೆ ನಿಂತಳು. “ಅಣ್ಣಾ, ಒಂದು ಇನ್ವರ್ಡ್ ಕೊಡಪ್ಪಾ. ಎಷ್ಟಾಗುತ್ತೆ?” ಎಂದು ಕೇಳಿದಳು. ಛಾಪಾ ಕಾಗದದ ಥರ ಅದೂ ಒಂದು ಕೊಳ್ಳುವ ವಸ್ತು ಎಂದು ತಿಳಿದಿದ್ದಳು. ಅಂಗಡಿಯವನು ನಗಲಿಲ್ಲ, ದೊಡ್ಡ ಮನುಷ್ಯ. “ಅದು ಇಲ್ಲಿ ಸಿಗಲ್ಲ ಅಕ್ಕಾ. ಒಳಗೇ ಐತೆ, ಮೂರನೇ ಬಾಗಿಲು” ಎಂದ. ಮೂರನೇ ಬಾಗಿಲಲ್ಲಿ ಊಟದ ಹೊತ್ತು. ಕಂಕುಳಲ್ಲಿ ನಾಲ್ಕು ಫೈಲು ಇಟ್ಟುಕೊಂಡ ಬಿಳಿ ಅಂಗಿಯವನೊಬ್ಬ ಅಲ್ಲೇ ಇದ್ದ. “ಕೊಡವ್ವ ಇಲ್ಲಿ, ನಾನ್ ಮಾಡಿಸ್ತೀನಿ” ಎಂದ. ಇನ್ನೂರು ರೂಪಾಯಿ.

ಇನ್ವರ್ಡ್ ಮಾಡಿಸಲು ಒಂದು ಪೈಸೆಯೂ ಕೊಡಬೇಕಾಗಿಲ್ಲ. ಕಾಗದ ಕೊಡುವುದು, ಸೀಲು ಹಾಕಿಸಿಕೊಳ್ಳುವುದು, ಅಷ್ಟೇ. 2023ರ ಜೂನ್‌ನಿಂದ ಆಕೆಗೆ ಸರ್ಕಾರಿ ಬಸ್ಸು ಪುಕ್ಕಟೆ ಇರಬಹುದು, ಅಂದಿನ ಕೂಲಿ ಪುಕ್ಕಟೆಯಲ್ಲವಲ್ಲ. ಕೂಲಿಯೂ ಹೋಯಿತು, ಇನ್ನೂರೂ ಹೋಯಿತು.

ಇಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಆ ಹೆಣ್ಣುಮಗಳು ‘ಪೌತಿ ಖಾತೆ’ ಎಂದು ಸ್ವಚ್ಛವಾಗಿ ಹೇಳಿದಳು. ಪೌತಿ ಕನ್ನಡದ ಪದವೇ? ಅಲ್ಲ. ಸಾವು ಎಂಬ ಅರ್ಥದ ಅರಬ್ಬಿ ಮಾತು, ಪಾರಸಿ ದಫ್ತರಗಳ ಮೂಲಕ ನಮ್ಮ ಕಡೆ ಬಂದದ್ದು. ಅರ್ಜಿ, ನಕಲು, ದಾಖಲೆ, ಮಂಜೂರು, ವಸೂಲಿ, ತಕರಾರು, ಹಾಜರಿ, ರಜೆ, ಗುಮಾಸ್ತ, ಜವಾನ, ತಹಶೀಲ್ದಾರ, ಶಿರಸ್ತೇದಾರ ಎಲ್ಲವೂ ಆ ದಾರಿಯಲ್ಲೇ ಬಂದವು. ಅಕ್ಷರ ಬಾರದ ರೈತನೂ ಇವನ್ನು ಸಲೀಸಾಗಿ ಆಡುತ್ತಾನೆ. ಹಾಗಾಗಿ ಹೊರಗಿನ ಮಾತು ಎಂದ ಮಾತ್ರಕ್ಕೆ ಜನಕ್ಕೆ ಕಷ್ಟವಾಗುತ್ತದೆ ಅನ್ನುವುದು ಪೂರ್ತಿ ನಿಜವಲ್ಲ.

ನಮ್ಮ ಊರನ್ನೇ ನೋಡಿ. ದಾವಣಗೆರೆ ಹತ್ತಿ ಗಿರಣಿಗಳ ಊರಾಗಿತ್ತು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಆದರೂ ‘ಡಿ.ಸಿ.ಎಂ.’ ಎಂದರೆ ಆಟೋದವನಿಗೆ ಗೊತ್ತು. ಆ ಗಿರಣಿ ಕೆಲಸಗಾರರ ಬಾಯಲ್ಲಿ ಎಷ್ಟು ಇಂಗ್ಲಿಷ್ ಇತ್ತು! ಬ್ಲೋ ರೂಂ ಎಂದರೆ ಹತ್ತಿ ಬೇಲು ಬಿಚ್ಚಿ, ಬಡಿದು, ಕಸ ತೆಗೆಯುವ ಜಾಗ. ಅಲ್ಲಿಂದ ಕಾರ್ಡಿಂಗ್, ಆಮೇಲೆ ಸ್ಪಿನ್ನಿಂಗ್, ಕೋನ್ ವೈಂಡಿಂಗ್. ಹಾಜರಿ ಹಾಕುವುದು ಟೈಂ ಆಫೀಸು. ಜಾಬರ್, ಫೋರ್ಮನ್, ಶಿಫ್ಟ್. ರುಜು ಹಾಕಲು ಬಾರದೆ ಹೆಬ್ಬೆಟ್ಟು ಒತ್ತುವವರೂ ಈ ಪದಗಳನ್ನೆಲ್ಲ ನೀರು ಕುಡಿದಂತೆ ಹೇಳುತ್ತಿದ್ದರು. ಯಾಕೆಂದರೆ ಬ್ಲೋ ರೂಮಿನಲ್ಲಿ ಏನು ನಡೆಯುತ್ತದೆ ಎಂಬುದು ಅವರ ಮೂಗಿಗೂ ಗಂಟಲಿಗೂ ಗೊತ್ತಿತ್ತು. ಮಾತು ಇಂಗ್ಲಿಷಾದರೂ ಕೆಲಸ ಕಣ್ಣೆದುರಿಗಿತ್ತು.

ಆಫೀಸಿನಲ್ಲಿ ಹಾಗಲ್ಲ. ಕೌಂಟರಿನ ಆಚೆ ಏನು ನಡೆಯುತ್ತದೆ ಎಂದು ಈಚೆ ನಿಂತವನಿಗೆ ಕಾಣುವುದಿಲ್ಲ. ಹೆಸರು ಕೇಳಿಯೇ ತಿಳಿಯಬೇಕು. ಆ ಹೆಸರು ಏನನ್ನೂ ಹೇಳದಿದ್ದರೆ, ಹೇಳುವವನೊಬ್ಬ ಬೇಕಾಗುತ್ತದೆ. ಅವನು ಪುಕ್ಕಟೆ ಹೇಳುವುದಿಲ್ಲ. ದಲ್ಲಾಳಿಗಳನ್ನು ಕಚೇರಿ ಆವರಣದಿಂದ ಓಡಿಸುತ್ತೇವೆ ಎಂದು ಸಭೆಗಳಲ್ಲಿ ಮಾತು ಬರುತ್ತಲೇ ಇರುತ್ತದೆ. ಅವರು ಹೊಟ್ಟೆ ಹೊರೆಯುವುದೇ ಈ ಬಾಗಿಲುಗಳ ಗುಟ್ಟಿನ ಮೇಲೆ. ಗುಟ್ಟು ಇದ್ದಷ್ಟು ದಿನ ಅವರೂ ಇರುತ್ತಾರೆ.

ಹೇಗೂ ಈ ಪದಗಳು ನಾಳೆಯೇ ಹೋಗುವುದಿಲ್ಲ. ಅಲ್ಲಿಯವರೆಗೆ ನಮ್ಮ ಓದುಗರಿಗೆ ಗೊತ್ತಿರಲಿ ಎಂದು ಒಂದಿಷ್ಟು ಬಿಡಿಸಿ ಹೇಳುತ್ತೇವೆ. ಪಿಯುಸಿ ಅರ್ಧಕ್ಕೆ ಬಿಟ್ಟ ವರದಿಗಾರ ಕಚೇರಿ ಸುತ್ತಿ ಕಲಿತ ಇಂಗ್ಲಿಷು ಇದು. ಪಂಡಿತರು ಕ್ಷಮಿಸಬೇಕು.

ಇನ್ವರ್ಡ್ ಎಂದರೆ ಒಳಗೆ ಬರುವ ಕಾಗದ ತಗೊಳ್ಳುವ ಜಾಗ. ಹಳೇ ಗುಮಾಸ್ತರು ಟಪಾಲು ಅನ್ನುತ್ತಿದ್ದರು, ಈಗಲೂ ಕೆಲವು ಕಡೆ ಟಪಾಲು ಶಾಖೆ ಎಂದೇ ಇದೆ. ಬೆಳಗಾವಿ, ಧಾರವಾಡದ ಕಡೆ ಆವಕ-ಜಾವಕ ಎನ್ನುವ ರೂಢಿ ಇದೆ. ಎಪಿಎಂಸಿ ವರ್ತಕರಿಗೆ ಆವಕ ಹೇಳಿಕೊಡಬೇಕಾಗಿಲ್ಲ. ಮಾರುಕಟ್ಟೆಗೆ ಮೆಕ್ಕೆಜೋಳ ಬಂದಂತೆ ಕಚೇರಿಗೆ ಕಾಗದ ಬರುವುದು, ಅಷ್ಟೇ ವ್ಯತ್ಯಾಸ. ಅಲ್ಲಿಗೆ ಹೋಗುವಾಗ ಅರ್ಜಿಯನ್ನು ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ. ಇನ್ನೊಂದರ ಮೇಲೆ ಸೀಲು, ತಾರೀಖು, ನಂಬರು ಹಾಕಿಸಿಕೊಳ್ಳಿ. ಆ ನಂಬರು ಇಲ್ಲದಿದ್ದರೆ ನಾಳೆ ‘ನಿನ್ನ ಅರ್ಜಿ ಬಂದೇ ಇಲ್ಲ’ ಎಂದರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಸಕಾಲ ಕಾಯ್ದೆಯಡಿ ಬರುವ ಸೇವೆಯಾದರೆ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಆ ಕಾಯ್ದೆ 2011ರದ್ದು, ಜಾರಿಗೆ ಬಂದದ್ದು 2012ರ ಏಪ್ರಿಲ್‌ನಲ್ಲಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿ ತನಕ ಪರಿಹಾರ ಕೇಳುವ ಹಕ್ಕು ಅದರಲ್ಲಿದೆ. ಚೀಟಿ ಇಲ್ಲದವನಿಗೆ ಗಡುವೂ ಇಲ್ಲ.

ಡಿಸ್ಪ್ಯಾಚ್, ಔಟ್‌ವರ್ಡ್ ಎರಡೂ ಒಂದೇ: ಹೊರಗೆ ಹೋಗುವ ಕಾಗದ. ‘ನಿಮ್ಮದು ಅವತ್ತೇ ಕಳಿಸಿದೀವಲ್ಲ’ ಎಂದರೆ ‘ನಂಬರು ಹೇಳಿ ಸಾರ್’ ಅನ್ನಿ. ಕಳಿಸಿದ್ದರೆ ನಂಬರು ಇದ್ದೇ ಇರುತ್ತದೆ.

ಕೇಸ್ ವರ್ಕರ್ ಎಂದರೆ ಆಸ್ಪತ್ರೆಯ ಕೇಸೂ ಅಲ್ಲ, ಕೋರ್ಟಿನ ಕೇಸೂ ಅಲ್ಲ. ನಿಮ್ಮ ಫೈಲು ಯಾವ ಗುಮಾಸ್ತರ ಹತ್ತಿರ ಇದೆಯೋ ಅವರೇ ಕೇಸ್ ವರ್ಕರ್. ಕನ್ನಡದಲ್ಲಿ ವಿಷಯ ನಿರ್ವಾಹಕರು ಎಂದು ಬರೆಯುತ್ತಾರೆ. ಎಫ್.ಡಿ.ಎ., ಎಸ್.ಡಿ.ಎ. ಎಂದು ಕೇಳುತ್ತೀರಲ್ಲ, ಪ್ರಥಮ ದರ್ಜೆ ಸಹಾಯಕ, ದ್ವಿತೀಯ ದರ್ಜೆ ಸಹಾಯಕ. ಅವರು ಟಿಪ್ಪಣಿ ಬರೆದು ಮೇಲಿನವರ ಮುಂದೆ ಇಡುವುದಕ್ಕೆ ‘ಪುಟ್ ಅಪ್’ ಎಂದು ಹೆಸರು. ‘ಪುಟ್ ಅಪ್ ಆಗಿದೆ’ ಎಂದರೆ ಕೆಲಸ ಆಯಿತೆಂದು ಖುಷಿಪಟ್ಟು ಬಸ್ಸು ಹತ್ತಿದವರನ್ನು ನಾವು ಬಲ್ಲೆವು. ಆಗಿರುವುದು ಇಷ್ಟೇ: ಫೈಲು ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗಿದೆ. ಚೇಂಬರ್ ಎಂದರೆ ಸಾಹೇಬರ ಕೋಣೆ. ಕ್ಯಾಂಪ್ ಎಂದರೆ ಸಾಹೇಬರು ಊರಲ್ಲಿಲ್ಲ. ‘ವಿ.ಸಿ.ನಲ್ಲಿದ್ದಾರೆ’ ಎನ್ನುವುದು ಹೊಸ ಮಾತು. ಅಂದರೆ ಊರಲ್ಲೂ ಇದ್ದಾರೆ, ಕೋಣೆಯಲ್ಲೂ ಇದ್ದಾರೆ, ಆದರೆ ಟಿವಿಯಲ್ಲಿ ಬೆಂಗಳೂರಿನವರ ಜೊತೆ ಮಾತಾಡುತ್ತಿದ್ದಾರೆ.

ಇನ್ನು ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್. ಅಂಗಡಿಯವರು ಹೆಚ್ಚಾಗಿ ಎಡವುವುದು ಇಲ್ಲೇ. ಅಂಗಡಿ ನೋಂದಣಿಯ ಕಾಯ್ದೆಗೆ ಶಾಪ್ಸ್ ಅಂಡ್ ಕಮರ್ಷಿಯಲ್ ಎಸ್ಟಾಬ್ಲಿಷ್‌ಮೆಂಟ್ಸ್ ಎಂದು ಹೆಸರಿದೆ, 1961ರ ಕಾಯ್ದೆ. ಆ ಹೆಸರು ಕೇಳಿದ್ದವರು ಈ ಬಾಗಿಲು ತಮ್ಮದೇ ಎಂದುಕೊಳ್ಳುವುದರಲ್ಲಿ ತಪ್ಪೇನಿದೆ? ಆದರೆ ಕಚೇರಿಯ ಎಸ್ಟಾಬ್ಲಿಷ್‌ಮೆಂಟ್ ಎಂದರೆ ಅಲ್ಲಿನ ನೌಕರರದೇ ಸಂಬಳ, ರಜೆ, ವರ್ಗಾವಣೆ ನೋಡುವ ಶಾಖೆ. ಸಾರ್ವಜನಿಕರ ಕೆಲಸ ಅಲ್ಲಿ ಏನೂ ಇಲ್ಲ. ಅಂಗಡಿ ನೋಂದಣಿಯ ಸಂಬಂಧ ಇರುವುದು ಕಾರ್ಮಿಕ ಇಲಾಖೆಗೆ. ‘ಸಿಬ್ಬಂದಿ ಶಾಖೆ’ ಎಂದು ಬರೆದಿದ್ದರೆ ಯಾರೂ ಅತ್ತ ತಲೆ ಹಾಕುತ್ತಿರಲಿಲ್ಲ. ಸಿಬ್ಬಂದಿಗೂ ನೆಮ್ಮದಿ.

ಹಾಗೆಂದು ಕನ್ನಡ ಮಾಡಿದ ಮಾತ್ರಕ್ಕೆ ಎಲ್ಲ ಸರಿಹೋಯಿತೇ? ಅದನ್ನೂ ನೋಡೋಣ. ತಕ್ಕಡಿಗೆ ಸೀಲು ಹಾಕುವವರನ್ನು ಕಿರಾಣಿ ಅಂಗಡಿಯವರು ಮೊದಲು ‘ತೂಕ ಮತ್ತು ಅಳತೆ ಇಲಾಖೆ’ ಎಂದು ಕರೆಯುತ್ತಿದ್ದರು. ಎಷ್ಟು ಸುಲಭದ ಹೆಸರು! ಮಗು ಕೇಳಿದರೂ ಅರ್ಥವಾಗುತ್ತದೆ. ಈಗ ಅದು ‘ಕಾನೂನು ಮಾಪನಶಾಸ್ತ್ರ ಇಲಾಖೆ’. ಕೇಂದ್ರದ ಕಾಯ್ದೆಗೆ 2009ರಲ್ಲಿ ಇಂಗ್ಲಿಷಿನಲ್ಲಿ ಲೀಗಲ್ ಮೆಟ್ರಾಲಜಿ ಎಂದು ಹೆಸರಿಟ್ಟರು. ನಮ್ಮಲ್ಲಿ ಅದನ್ನೇ ಪದಕ್ಕೆ ಪದ ಇಟ್ಟು ಸಂಸ್ಕೃತ ಮಾಡಿದರು. ಇಂಗ್ಲಿಷೂ ಗೊತ್ತಾಗಲಿಲ್ಲ, ಕನ್ನಡವೂ ಗೊತ್ತಾಗಲಿಲ್ಲ. ಅಂಗಡಿಯವರು ಮಾತ್ರ ಈಗಲೂ ‘ತಕ್ಕಡಿ ಸೀಲಿನವರು ಬಂದಾರೆ’ ಎಂದೇ ಹೇಳುತ್ತಾರೆ. ಅವರ ಹೆಸರೇ ವಾಸಿ.

ಕರೆಂಟಿನ ಕಚೇರಿಗಳದ್ದು ಇನ್ನೂ ತಮಾಷೆ. ಇಂಗ್ಲಿಷಿನಲ್ಲಿ ಓ ಅಂಡ್ ಎಂ ಸಬ್ ಡಿವಿಷನ್. ಆಪರೇಷನ್ ಮತ್ತು ಮೇಂಟೆನೆನ್ಸ್. ಕನ್ನಡದಲ್ಲಿ ‘ಕಾರ್ಯ ಮತ್ತು ಪಾಲನೆ’. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅದನ್ನು ಮತ್ತೆ ತುಂಡರಿಸಿ ‘ಕಾ ಮತ್ತು ಪಾ ಉಪವಿಭಾಗ’ ಮಾಡಿದರು. ಕಾಪಾ ಎಂದರೆ ಏನು ಎಂದು ಬಸ್ಸಿನಲ್ಲಿ ಹತ್ತು ಜನರನ್ನು ಕೇಳಿ ನೋಡಿ. ಅಡಿಕೆ, ತಂಬಾಕು ಎಂದು ಯಾರಾದರೂ ಹೇಳಿದರೆ ಆಶ್ಚರ್ಯವಿಲ್ಲ. ಜನಕ್ಕೋ ಈ ಯಾವ ಹೆಸರೂ ಬೇಕಾಗಿಲ್ಲ. ಕೆ.ಇ.ಬಿ. ಎಂಬ ಮಂಡಳಿ 1999ರಲ್ಲೇ ಹೋಯಿತು, 2002ರಲ್ಲಿ ಬೆಸ್ಕಾಂ ಬಂತು. ಇವತ್ತಿಗೂ ಕರೆಂಟು ಹೋದರೆ ‘ಕೆ.ಇ.ಬಿ.ಯವರಿಗೆ ಫೋನ್ ಮಾಡೋ’ ಎಂದೇ ಕೂಗುತ್ತೇವೆ.

ನಗರಸಭೆ, ಪಾಲಿಕೆಗಳಲ್ಲಿ ಟ್ರೇಡ್ ಲೈಸೆನ್ಸ್ ವಿಷಯ ನೋಡುವುದು ಆರೋಗ್ಯ ಶಾಖೆ. ಕನ್ನಡ ಹೆಸರೇ, ಶುದ್ಧ ಹೆಸರೇ. ಬಟ್ಟೆ ಅಂಗಡಿ ಲೈಸೆನ್ಸಿಗೂ ಆರೋಗ್ಯಕ್ಕೂ ಏನು ಸಂಬಂಧ ಎಂದು ಹೊಸದಾಗಿ ಅಂಗಡಿ ಇಟ್ಟ ಹುಡುಗನಿಗೆ ಹೇಗೆ ಹೊಳೆಯಬೇಕು? ಊರಿನ ನೈರ್ಮಲ್ಯಕ್ಕೆ, ಜನರ ಜೀವಕ್ಕೆ ತೊಂದರೆಯಾಗುವ ಉದ್ಯೋಗಗಳ ಮೇಲೆ ಕಣ್ಣಿಡಲು ಬಂದ ವ್ಯವಸ್ಥೆ ಅದು, ಅದಕ್ಕೇ ಆರೋಗ್ಯದವರ ಕೈಲಿದೆ. ಕಾರಣ ಇದೆ, ಬಾಗಿಲ ಮೇಲೆ ಮಾತ್ರ ಬರೆದಿಲ್ಲ. ‘ಆರೋಗ್ಯ ಶಾಖೆ’ ಎಂಬುದರ ಕೆಳಗೆ ‘ಅಂಗಡಿ ಲೈಸೆನ್ಸ್ ಇಲ್ಲಿ’ ಎಂದು ಎರಡು ಸಾಲು ಬರೆಯಲು ಎಷ್ಟು ಬಣ್ಣ ಬೇಕು?

ನಮ್ಮ ಹಿಂದಿನವರಿಗೆ ಈ ಬುದ್ಧಿ ಇತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದವರು. ಅವರ ಆಡಳಿತದಲ್ಲಿ ಹದಿನೆಂಟು ಇಲಾಖೆಗಳಿದ್ದವು. ಇಲಾಖೆಗೆ ಅವರು ಕೊಟ್ಟ ಹೆಸರು ಚಾವಡಿ. ಸುಂಕದ ಚಾವಡಿ, ದೇವಸ್ಥಾನದ ಚಾವಡಿ, ಕಬ್ಬಿಣದ ಚಾವಡಿ, ಹೊಗೆಸೊಪ್ಪಿನ ಚಾವಡಿ. ಟಪಾಲು ಮತ್ತು ಗೂಢಚಾರರ ಸುದ್ದಿಗೆ ಬೇಹಿನ ಚಾವಡಿ. ಅರಮನೆಯ ಹಸುಗಳು, ಹಾಲು, ಬೆಣ್ಣೆಯ ಉಸ್ತುವಾರಿಗೆ ಬೆಣ್ಣೆ ಚಾವಡಿ. ಬೆಣ್ಣೆದೋಸೆಯ ಊರಿನವರಾದ ನಮಗೆ ಇದಕ್ಕಿಂತ ಚಂದದ ಇಲಾಖೆ ಹೆಸರು ಇನ್ನೊಂದು ಕಾಣದು. ಟಿಪ್ಪುವಿನ ಕಾಲದಲ್ಲಿ ಅದೇ ಬೆಣ್ಣೆ ಚಾವಡಿ ಅಮೃತ ಮಹಲ್ ಆಯಿತು, ದನದ ತಳಿಗೂ ಅದೇ ಹೆಸರು ನಿಂತಿತು. ಹದಿನೆಂಟರ ಲೆಕ್ಕ ಮಾತ್ರ ಅಳಿಯಲಿಲ್ಲ. ಬೆಂಗಳೂರಿನಲ್ಲಿ ಇಂಗ್ಲಿಷರ ಕಾಲದಲ್ಲಿ, 1868ರಲ್ಲಿ ಕಟ್ಟಿ ಮುಗಿಸಿದ ಸರ್ಕಾರಿ ಕಟ್ಟಡಕ್ಕೆ ಅಠಾರಾ ಕಚೇರಿ ಎಂದು ಹೆಸರಾಯಿತು. ಅಠಾರಾ ಎಂದರೆ ಹಿಂದೂಸ್ತಾನಿಯಲ್ಲಿ ಹದಿನೆಂಟು. ವಿಧಾನಸೌಧದ ಎದುರಿನ ಆ ಕೆಂಪು ಕಟ್ಟಡದಲ್ಲಿ ಈಗ ಹೈಕೋರ್ಟು ಇದೆ.

ಹೊಗೆಸೊಪ್ಪಿನ ಚಾವಡಿ ಎಂದರೆ ಯಾವುದಪ್ಪಾ ಎಂದು ಮುನ್ನೂರು ವರ್ಷದ ಹಿಂದೆ ಹೊಗೆಸೊಪ್ಪು ಬೆಳೆದವನು ಯಾರನ್ನಾದರೂ ಕೇಳಬೇಕಾಗಿತ್ತೇ? ಆ ಹೆಸರುಗಳಲ್ಲಿ ‘ಆಲಯ’ ಇಲ್ಲ, ‘ಶಾಸ್ತ್ರ’ ಇಲ್ಲ, ‘ಅಧೀಕ್ಷಕ’ ಇಲ್ಲ. ಒಳಗೆ ಏನು ನಡೆಯುತ್ತದೋ ಅದೇ ಹೊರಗಿನ ಹೆಸರು. ಇವತ್ತು ರೆಕಾರ್ಡ್ ರೂಮನ್ನು ಕನ್ನಡ ಮಾಡು ಎಂದರೆ ‘ಅಭಿಲೇಖಾಲಯ’ ಎಂದು ಬರೆಯುತ್ತಾರೆ. ‘ಹಳೇ ಕಾಗದದ ಕೋಣೆ’ ಎಂದು ಬರೆದರೆ ಸರ್ಕಾರದ ಮರ್ಯಾದೆ ಹೋಗುತ್ತದೆಯೇ?

ಬರೀ ಬೈದು ಮುಗಿಸುವುದು ನ್ಯಾಯವಲ್ಲ. ದಿನವೂ ಬಸ್ಸಿಗೆ ಓಡುವವರಿಗೆ ಒಂದು ಒಳ್ಳೆಯ ಉದಾಹರಣೆ ಕಣ್ಣೆದುರಿಗೇ ಇದೆ. ನಮ್ಮ ಸಾರಿಗೆ ಸಂಸ್ಥೆ ‘ವೇಗದೂತ’ ಎಂದು ಬರೆಯಿತು, ‘ತಡೆರಹಿತ’ ಎಂದು ಬರೆಯಿತು. ಎಕ್ಸ್‌ಪ್ರೆಸ್, ನಾನ್ ಸ್ಟಾಪ್ ಎಂದೇ ಬರೆದು ಕೂರಬಹುದಿತ್ತು. ಹರಿಹರಕ್ಕೆ ಹೋಗುವವನೂ ಹೊನ್ನಾಳಿಗೆ ಹೋಗುವವನೂ ದೂರದಿಂದಲೇ ಬೋರ್ಡು ಓದಿ ಇದು ನಮ್ಮೂರಲ್ಲಿ ನಿಲ್ಲುತ್ತದೋ ಇಲ್ಲವೋ ತಿಳಿದುಕೊಳ್ಳುತ್ತಾನೆ. ಡಿಪೋಗೆ ‘ಘಟಕ’ ಎಂದರು. ಅದು ಬಸ್ಸಿನ ಮೈಮೇಲಿದೆ, ಬಾಯಿಗೆ ಬರಲಿಲ್ಲ. ‘ನಿರ್ವಾಹಕ’ರನ್ನು ನಾವು ಈಗಲೂ ಕಂಡಕ್ಟರ್ ಅಂತೀವಿ. ಕೆಲವು ನಿಂತವು, ಕೆಲವು ನಿಲ್ಲಲಿಲ್ಲ, ಅದರಿಂದ ಯಾರಿಗೂ ಬಸ್ಸು ತಪ್ಪಲಿಲ್ಲ. ಮಹಿಳೆಯರಿಗೆ ಶಕ್ತಿ ಯೋಜನೆ ಬಂದಾಗ ‘ಶೂನ್ಯ ಟಿಕೆಟ್’ ಎಂದರು. ಅರ್ಧ ಸಂಸ್ಕೃತ, ಅರ್ಧ ಇಂಗ್ಲಿಷು. ವ್ಯಾಕರಣ ಪಂಡಿತರು ಒಪ್ಪುತ್ತಾರೋ ಇಲ್ಲವೋ, ಅಜ್ಜಿಯರು ಒಪ್ಪಿದರು. ಕಂದಾಯ ಇಲಾಖೆಯಲ್ಲೂ ‘ನಾಡಕಚೇರಿ’ ಎಂಬ ಹೆಸರು ಹೀಗೆಯೇ ಜನರ ಬಾಯಲ್ಲಿ ಕೂತಿದೆ.

ಆದರೆ ಅದೇ ನಾಡಕಚೇರಿಯಲ್ಲಿ ಈಗ ಇನ್ನೊಂದು ಹೊಸ ಜಾಗ ಹುಟ್ಟಿಕೊಂಡಿದೆ. ಅದಕ್ಕೆ ಬಾಗಿಲಿಲ್ಲ, ಗೋಡೆಯಿಲ್ಲ. ಹೆಸರು ‘ಲಾಗಿನ್’. ‘ನಿಮ್ಮ ಅರ್ಜಿ ವಿ.ಎ. ಲಾಗಿನ್ನಲ್ಲಿದೆ’, ‘ಆರ್.ಐ. ಲಾಗಿನ್ನಿಗೆ ಹೋಗಿದೆ’, ‘ತಹಶೀಲ್ದಾರ್ ಲಾಗಿನ್ನಲ್ಲಿ ಪೆಂಡಿಂಗ್’. ಮೊದಲು ಫೈಲು ಯಾವ ಟೇಬಲ್ಲಿನಲ್ಲಿದೆ ಎಂದು ಕೇಳಿಕೊಂಡು ಆ ಟೇಬಲ್ಲಿನ ಮುಂದೆ ಹೋಗಿ ಕೈಮುಗಿದು ನಿಲ್ಲಬಹುದಿತ್ತು. ಲಾಗಿನ್ನಿನ ಮುಂದೆ ಎಲ್ಲಿ ನಿಲ್ಲುವುದು? ವಯಸ್ಸಾದವರೊಬ್ಬರು ‘ಲಾಗಿನ್ ಯಾವ ಊರಾಗೈತಪ್ಪಾ, ಬಸ್ ಐತಾ’ ಎಂದು ಕೇಳಿದ್ದನ್ನು ಕೇಳಿ ಸುತ್ತಲಿದ್ದವರು ನಕ್ಕರು. ನಗುವ ಮಾತೇನೂ ಅಲ್ಲ. ಲಾಗಿನ್ ಎಂದರೆ ಆ ಅಧಿಕಾರಿಯ ಕಂಪ್ಯೂಟರ್ ಖಾತೆ. ‘ಇಂಥ ಸಾಹೇಬರ ಕೈಲಿದೆ, ಅವರು ಒತ್ತಬೇಕು’ ಎಂದು ಹೇಳಿದರೆ ಮುಗಿಯಿತು. ಅವರು ಯಾರು? ಶಾನುಭೋಗರು. ಹಳೇ ಮೈಸೂರು ಸೀಮೆಯವರಾದ ನಮಗೆ ಶಾನುಭೋಗರು, ಧಾರವಾಡದ ಕಡೆಯವರಿಗೆ ತಲಾಟಿ. ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದು ಮಾಡಿದ ಕಾಯ್ದೆ 1961ರಲ್ಲಿ ಬಂದ ಮೇಲೆ ಗ್ರಾಮ ಲೆಕ್ಕಿಗರಾದರು, ಗ್ರಾಮ ಲೆಕ್ಕಾಧಿಕಾರಿಯಾದರು, ಈಗ ಗ್ರಾಮ ಆಡಳಿತ ಅಧಿಕಾರಿ. ಹೆಸರು ಉದ್ದವಾದಂತೆಲ್ಲ ಜನ ಅದನ್ನು ಗಿಡ್ಡ ಮಾಡಿ ‘ವಿ.ಎ.’ಗೆ ಇಳಿಸಿದ್ದಾರೆ.

ಇಂಗ್ಲಿಷ್ ಕಲಿಯಬೇಡಿ ಎಂದು ನಾವು ಹೇಳುತ್ತಿದ್ದೇವೆ ಎಂದು ಯಾರೂ ತಿಳಿಯಬಾರದು. ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ನಮ್ಮ ಹುಡುಗರಿಗೆ ಈ ಪದಗಳು ಬೇಕೇ ಬೇಕು. ಅಲ್ಲಿ ಸರ್ಕಾರವಿಲ್ಲ, ಕಂಪನಿ. ಮೊದಲು ಸೆಕ್ಯೂರಿಟಿ, ಆಮೇಲೆ ರಿಸೆಪ್ಷನ್, ಅಂದರೆ ಬಂದವರನ್ನು ವಿಚಾರಿಸುವ ಜಾಗ. ಎಚ್.ಆರ್. ಎಂದರೆ ಕೆಲಸಕ್ಕೆ ತಗೊಳ್ಳುವವರೂ ತೆಗೆಯುವವರೂ. ಗಿರಣಿಯಲ್ಲಿ ಟೈಂ ಆಫೀಸು ನೋಡುತ್ತಿದ್ದ ಹಾಜರಿ, ರಜೆಯ ಲೆಕ್ಕವೂ ಈಗ ಅವರದೇ. ಅಡ್ಮಿನ್ ಎಂದರೆ ಕುರ್ಚಿ, ನೀರು, ಗಾಡಿಯ ವ್ಯವಸ್ಥೆ. ಪ್ಯಾಂಟ್ರಿ ಎಂದರೆ ಟೀ ಕುಡಿಯುವ ಮೂಲೆ. ಬ್ಯಾಕ್ ಆಫೀಸ್ ಎಂದರೆ ಕಟ್ಟಡದ ಹಿಂದಿನ ಕೋಣೆಯಲ್ಲ, ಗಿರಾಕಿಯ ಮುಖ ನೋಡದೆ ಕಾಗದಪತ್ರದ ಕೆಲಸ ಮಾಡುವ ಗುಂಪು. ನಾಮಪದ, ಕ್ರಿಯಾಪದ ಬಾಯಿಪಾಠ ಮಾಡಿಸುವ ನಮ್ಮ ಇಂಗ್ಲಿಷ್ ಮೇಷ್ಟ್ರುಗಳು ಒಂದು ಪೀರಿಯಡ್ಡು ಇದಕ್ಕೆ ಕೊಟ್ಟರೆ, ಕಂಪನಿಯ ಗಾಜಿನ ಬಾಗಿಲಲ್ಲಿ ನಿಂತು ಹುಡುಗ ಬೆವರುವುದು ಸ್ವಲ್ಪ ಕಮ್ಮಿಯಾದೀತು. ಕೆಲಸ ಹುಡುಕಿಕೊಂಡು ಹೋದವನು ಕಂಪನಿಯ ಭಾಷೆ ಕಲಿಯಬೇಕು, ಸರಿ. ತನ್ನ ತೆರಿಗೆಯಿಂದ ನಡೆಯುವ ಕಚೇರಿಗೆ ತನ್ನ ಹೊಲದ ಕಾಗದ ಕೇಳಲು ಹೋದವನು ಯಾಕೆ ಕಲಿಯಬೇಕು?

ಜಿಲ್ಲಾಡಳಿತದ ಮುಂದೆ ನಾವು ಇಡುವ ಬೇಡಿಕೆ ದೊಡ್ಡದಲ್ಲ. ಪ್ರತಿ ಕಚೇರಿಯ ಬಾಗಿಲಲ್ಲಿ, ಒಳಗೆ ಕಾಲಿಟ್ಟ ಕೂಡಲೇ ಕಾಣುವಂತೆ, ಯಾವ ಕೋಣೆಯಲ್ಲಿ ಏನು ಕೆಲಸ ಎಂದು ತಿಳಿಗನ್ನಡದಲ್ಲಿ ಒಂದು ಬೋರ್ಡು ಇರಲಿ. ಪ್ರತಿ ಟೇಬಲ್ಲಿನ ಮೇಲೂ ಅದೇ ಹೆಸರು ಇರಲಿ. ‘ಅರ್ಜಿ ಕೊಡುವ ಜಾಗ’ ಎಂದು ದೊಡ್ಡದಾಗಿ ಬರೆದು, ಕೆಳಗೆ ಸಣ್ಣದಾಗಿ ‘ಇನ್ವರ್ಡ್’ ಎಂದೂ ಇರಲಿ. ಯಾಕೆಂದರೆ ಒಳಗಿನವರ ಬಾಯಲ್ಲಿ ಬರುವುದು ಅದೇ ಮಾತು, ಜನ ಅದನ್ನು ಬೋರ್ಡಿನ ಜೊತೆ ತಾಳೆ ನೋಡಬೇಕಲ್ಲ. ‘ಇಲ್ಲಿ ಹಣ ಕೊಡಬೇಕಾಗಿಲ್ಲ’ ಎಂದು ಇನ್ನೊಂದು ಸಾಲು ಸೇರಿಸಿದರೆ ಬಿಳಿ ಅಂಗಿಯವನಿಗೆ ಕೋಪ ಬರಬಹುದು, ಬರಲಿ. ಬೋರ್ಡಿನ ಮಾತು ಬೆಂಗಳೂರಿನ ನಿಘಂಟಿನಿಂದ ಬರುವುದು ಬೇಡ. ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯವರನ್ನೂ ಅರ್ಜಿ ಬರೆಯುವವರನ್ನೂ ಕೂರಿಸಿಕೊಂಡು ಕೇಳಿದರೆ ಅರ್ಧ ದಿನದಲ್ಲಿ ಪಟ್ಟಿ ತಯಾರಾಗುತ್ತದೆ.

ಅಲ್ಲಿಯವರೆಗೆ ಓದುಗರಿಗೊಂದು ಕೆಲಸ. ನೀವು ಹೋದ ಕಚೇರಿಯ ಯಾವ ಬಾಗಿಲ ಮೇಲೆ ಏನು ಬರೆದಿತ್ತು, ನಿಮಗೆ ಏನು ಅರ್ಥವಾಯಿತು, ಒಳಗೆ ನಿಜವಾಗಿ ಏನಿತ್ತು ಎಂದು ನಮಗೆ ತಿಳಿಸಿ. ಕಾರ್ಡು ಬರೆದರೂ ಸರಿ, ಫೋಟೋ ಹೊಡೆದು ಕಳಿಸಿದರೂ ಸರಿ. ನಿಮ್ಮ ಹೆಸರು ಪ್ರಕಟಿಸುವುದಿಲ್ಲ. ಪಟ್ಟಿಯನ್ನು ಎರಡು ಪ್ರತಿ ಮಾಡಿ ಜಿಲ್ಲಾಧಿಕಾರಿಗಳ ಕಚೇರಿಗೆ ಕೊಡುತ್ತೇವೆ. ಇನ್ವರ್ಡ್ ನಂಬರು ಮತ್ತು ತಾರೀಖು ಇದೇ ಅಂಕಣದಲ್ಲಿ ಬರುತ್ತದೆ.